ಕಲಿಯಲೊಲ್ಲದ ಮಗುವೂ ಕೇಳಲರಿಯದ ಗುರುವೂ

ಪಾಠಶಾಲೆಯ ಪಡಸಾಲೆಯಲ್ಲಿ ನಿಂತು ತಂದೆತಾಯಿಗಳು ಉಪಾಧ್ಯಾಯನ ಮುಂದೆ ತೋಡಿಕೊಳ್ಳುವ ದುಃಖಗಳು ಹಲವು. ಅವುಗಳಲ್ಲಿ ಒಂದು ಮಾತ್ರ ನಾನು ಈ ವೃತ್ತಿಗೆ ಬಂದ ದಿನದಿಂದ ಇಂದಿನವರೆಗೆ ಬದಲಾಗದೆ ನಿಂತಿದೆ: “ಮಾಸ್ತರ್ರೀ, ಹುಡುಗಗ ಯಾತರ ಕೊರತಿನೂ ಮಾಡಿಲ್ರೀ, ಓದಿನ ಮ್ಯಾಲ ಮನಸ್ಸ ಒಂದ ಇಲ್ಲ.” ದೇವದುರ್ಗದ ಕಡೆಯ ಕೂಲಿಕಾರನೂ ಹೀಗೆಯೇ ಹೇಳುತ್ತಾನೆ, ಮಾನ್ವಿಯ ಕಾಲುವೆಯ ಕೆಳಗೆ ಭತ್ತ ಬೆಳೆಯುವ ರೈತನೂ ಹೀಗೆಯೇ ಹೇಳುತ್ತಾನೆ, ರಾಯಚೂರು ನಗರದಲ್ಲಿ ಅಂಗಡಿಯಿಟ್ಟುಕೊಂಡು ನೆಮ್ಮದಿಯಾಗಿರುವ ಗೃಹಸ್ಥನೂ ಹೀಗೆಯೇ ಹೇಳುತ್ತಾನೆ. ಅವರು ಇಷ್ಟುದ್ದವಾಗಿ ಹೇಳುವುದನ್ನು ಉಪಾಧ್ಯಾಯರಾದ ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ: ಹುಡುಗ ಜಡ.

ಜಡನೆಂಬ ಈ ಮಾತನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ. ಇದು ಬೋಧನಕ್ರಮಕ್ಕೆ ಮಾತ್ರ ಸೇರಿದ ಪ್ರಶ್ನೆಯೆಂದು ಸದ್ಭಕ್ತರು ತಿಳಿಯಬಾರದು. ಇದರಲ್ಲಿ ಧರ್ಮದ ಪ್ರಶ್ನೆಯೂ ಅಡಗಿದೆ. ಕಲ್ಲು ಜಡ, ಕಟ್ಟಿಗೆ ಜಡ. ಚೈತನ್ಯವಿಲ್ಲದುದಕ್ಕೆ ಆ ಹೆಸರು. ಹಸಿದರೆ ಅಳುವ, ಗೆಳೆಯನನ್ನು ಕಂಡರೆ ಓಡುವ, ಜಾತ್ರೆಗೆ ಇನ್ನೆಷ್ಟು ದಿನವೆಂದು ಬೆರಳೆಣಿಸುವ ಮಗುವಿಗೆ ಆ ಹೆಸರನ್ನಿಡುವ ಅಧಿಕಾರವನ್ನು ನಮಗೆ ಕೊಟ್ಟವರಾರು? ದೇಹವನ್ನೇ ದೇಗುಲವೆಂದು ಭಾವಿಸಿದ ಶರಣರ ದಾರಿಯಲ್ಲಿ ನಡೆಯುವೆವೆಂದು ಹೇಳಿಕೊಳ್ಳುವವರು ಒಂದು ಜೀವವನ್ನು ಜಡವೆಂದು ಕರೆಯುವ ಮೊದಲು ಹತ್ತು ಸಲ ಯೋಚಿಸತಕ್ಕದ್ದು.

ಉತ್ಸಾಹವೆಂಬುದರ ಸ್ವರೂಪವೇನೆಂದು ನಮ್ಮ ಪ್ರಾಚೀನ ಶಾಸ್ತ್ರಕಾರರು ಆಲೋಚಿಸಿದ್ದಾರೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಉತ್ಸಾಹವು ವೀರರಸದ ಸ್ಥಾಯಿಭಾವ. ಸ್ಥಾಯಿಯೆಂದರೆ ನೆಲೆಸಿ ನಿಂತಿರುವುದು. ಮನುಷ್ಯನಾಗಿ ಹುಟ್ಟಿದವನಲ್ಲೆಲ್ಲ ಈ ಭಾವಗಳು ವಾಸನಾರೂಪವಾಗಿ ಇದ್ದೇ ಇರುತ್ತವೆಂದು ಅಭಿನವಗುಪ್ತನ ಮತ. ಆದರೆ ಒಳಗೆ ನೆಲೆಸಿರುವ ಭಾವವು ತನಗೆ ತಾನೇ ಹೊರಹೊಮ್ಮಲಾರದು. ಅದನ್ನು ಎಬ್ಬಿಸಲು ವಿಭಾವವೆಂಬ ಕಾರಣಸಾಮಗ್ರಿ ಬೇಕು. ಬಯಲಾಟದಲ್ಲಿ ಜನರಿಗೆ ರಸ ಹುಟ್ಟದಿದ್ದರೆ ಜನರೇ ಜಡರೆಂದು ವೇಷಗಾರನು ಬೈಯುವುದಿಲ್ಲ. ತನ್ನ ಕುಣಿತದಲ್ಲಿಯೋ ಮಾತಿನಲ್ಲಿಯೋ ಏನು ತಪ್ಪಿತೆಂದು ನೋಡಿಕೊಳ್ಳುತ್ತಾನೆ. ಮಗುವಿನ ಚಿತ್ತದಲ್ಲಿ ಉತ್ಸಾಹವಿಲ್ಲವೆನ್ನುವುದಕ್ಕಿಂತ, ಪಾಠಶಾಲೆಯೆಂಬ ವಿಭಾವವು ಅದನ್ನು ಎಬ್ಬಿಸಲಿಲ್ಲವೆನ್ನುವುದೇ ಶಾಸ್ತ್ರಕ್ಕೆ ಸಮ್ಮತವಾದ ಮಾತು.

ಇದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ನಪಾಸಾಗುವ ಭಯ ಹೋದುದರಿಂದ ಮಕ್ಕಳು ಓದುವುದಿಲ್ಲವೆಂಬುದು ಮೊದಲನೆಯದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದು, ಎಂಟನೆಯ ತರಗತಿಯವರೆಗೆ ಮಗುವನ್ನು ಹಿಂದಿನ ತರಗತಿಯಲ್ಲಿಯೇ ನಿಲ್ಲಿಸುವುದನ್ನು ನಿಷೇಧಿಸಿತು. ೨೦೧೯ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಆದರೆ ಭಯವಿದ್ದ ಕಾಲದಲ್ಲಿ ನಡೆದುದೇನು? ಎರಡು ಸಲ ನಪಾಸಾದ ಹುಡುಗನು ದನದ ಹಿಂದೆ ಹೋದನು, ಹುಡುಗಿಯು ಒಲೆಯ ಮುಂದೆ ಕುಳಿತಳು. ತರಗತಿಯಲ್ಲಿ ಉಳಿದವರು ಓದುವವರು ಮಾತ್ರ. ಆದಕಾರಣ ಆಗ ಎಲ್ಲರಿಗೂ ಓದಿನಲ್ಲಿ ಆಸಕ್ತಿಯಿತ್ತೆಂದು ನಮಗೆ ತೋರುತ್ತದೆ. ಆಗ ಕಣ್ಣಿಗೆ ಬೀಳದೆ ಹೋದ ಮಗುವೇ ಈಗ ಹಿಂದಿನ ಸಾಲಿನಲ್ಲಿ ಕುಳಿತು ನಮ್ಮನ್ನು ನೋಡುತ್ತಿದೆ.

ಮೊಬೈಲು ಮಕ್ಕಳ ಮನಸ್ಸನ್ನು ಕದ್ದಿತೆಂಬುದು ಎರಡನೆಯ ಆಕ್ಷೇಪ. ಕದ್ದದ್ದು ನಿಜ. ಆದರೆ ಕಳ್ಳನಿಗೆ ಬಾಗಿಲು ತೆರೆದಿತ್ತೇಕೆ? ಆ ಯಂತ್ರವನ್ನು ಮಗು ಮುಟ್ಟಿದೊಡನೆ ಅದು ಓಗೊಡುತ್ತದೆ; ಶಾಲೆಯಲ್ಲಿ ಅದೇ ಮಗುವು ಬೆಳಗಿನಿಂದ ಸಂಜೆಯವರೆಗೆ ಕುಳಿತಿದ್ದರೂ ಅದರ ಹೆಸರು ಹಾಜರಿ ಕೂಗುವಾಗ ಒಮ್ಮೆ ಮಾತ್ರ ಕೇಳಿಬರುತ್ತದೆ.

ಮೂರನೆಯ ಆಕ್ಷೇಪವು ಹೆಚ್ಚು ಬಲವಾದದ್ದು. ಹಸಿದ ಮಗು ಕಲಿಯಲಾರದೆಂದಿರಿ, ಅದಕ್ಕಾಗಿ ಅನ್ನವೂ ಬಂತು, ಆದರೂ ಕಲಿಯದಿರುವುದೇಕೆ? ೨೦೦೨ರ ಜೂನಿನಲ್ಲಿ ಸರಕಾರವು ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಮೊದಲಿಗೆ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭಿಸಿತು; ಅವುಗಳಲ್ಲಿ ರಾಯಚೂರೂ ಒಂದು. ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ಊಟದ ಗಂಟೆಗಾಗಿಯಾದರೂ ಶಾಲೆಯ ಬಾಗಿಲನ್ನು ದಾಟಿ ಬಂದ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಉಪಕಾರವು ಸಣ್ಣದಲ್ಲ. ಆದರೆ ದಾಸೋಹವೆಂಬ ಮಾತಿನ ಪೂರ್ಣಾರ್ಥವನ್ನು ನೋಡಿರಿ. ಶರಣರ ದಾಸೋಹದಲ್ಲಿ ನೀಡುವವನು ಒಡೆಯನಲ್ಲ, ಉಣ್ಣುವವನು ಭಿಕ್ಷುಕನಲ್ಲ. ಪ್ರತಿಯೊಬ್ಬನಿಗೂ ತನ್ನದೊಂದು ಕಾಯಕವಿದ್ದಿತು, ಆ ಕಾಯಕದಿಂದ ಸಮುದಾಯಕ್ಕೆ ಸಲ್ಲಿಸುವುದೊಂದಿದ್ದಿತು. ನಾವು ಮಗುವಿಗೆ ಅನ್ನ, ಪುಸ್ತಕ, ಸಮವಸ್ತ್ರ ಎಲ್ಲವನ್ನೂ ನೀಡಿದೆವು; ಅದರಿಂದ ಏನನ್ನಾದರೂ ಪಡೆದೆವೇ? ಕೊಡಲು ತನ್ನಲ್ಲಿ ಏನೂ ಇಲ್ಲವೆಂದು ದಿನದಿನವೂ ಕಲಿಯುವ ಜೀವವು ಬರಬರುತ್ತಾ ಕೈಕಟ್ಟಿ ಕೂಡುತ್ತದೆ. ಆ ಕೈಕಟ್ಟಿದ ಸ್ಥಿತಿಗೇ ನಾವು ಜಡತ್ವವೆಂದು ಹೆಸರಿಟ್ಟಿದ್ದೇವೆ.

ಹಾಗಾದರೆ ತನ್ನಲ್ಲಿ ಏನೂ ಇಲ್ಲವೆಂಬುದನ್ನು ಮಗುವಿಗೆ ಕಲಿಸುವವರಾರು? ಮೊದಲನೆಯದಾಗಿ, ಶಾಲೆಯ ನುಡಿ. ರಾಯಚೂರು ಜಿಲ್ಲೆಯು ೧೯೪೮ರ ಸೆಪ್ಟೆಂಬರಿನವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಆಡಳಿತವೂ ಮೇಲಿನ ವಿದ್ಯೆಯೂ ಉರ್ದು ಭಾಷೆಯಲ್ಲಿ ನಡೆಯುತ್ತಿದ್ದವು. ನನಗೆ ವಿದ್ಯೆ ಕಲಿಸಿದ ಹಿರಿಯರು ಹಾಗೆ ಓದಿದವರು. ಉರ್ದು ಸೊಗಸಾದ ಭಾಷೆಯೆಂದು ಅವರೇ ಹೇಳುತ್ತಿದ್ದರು. ಆದರೂ ಮನೆಯ ಮಾತಿಗೆ ತರಗತಿಯಲ್ಲಿ ಬೆಲೆಯಿಲ್ಲವೆಂದು ತಿಳಿದ ದಿನವೇ ತಮ್ಮ ಸಂಗಡಿಗರಲ್ಲಿ ಅನೇಕರು ಬಾಯಿ ಮುಚ್ಚಿದರೆಂದು ನೊಂದುಕೊಳ್ಳುತ್ತಿದ್ದರು. ಆ ಕಾಲದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಶಾಲೆಗೆ ಹಮ್‌ದರ್ದ್ ಎಂದು ಹೆಸರು. ಪರರ ನೋವಿನಲ್ಲಿ ಪಾಲುಗೊಳ್ಳುವವನೆಂದು ಆ ಮಾತಿನ ಅರ್ಥ. ಶಾಲೆಯೊಂದಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ತೋಚದು.

೧೯೫೬ರ ನವೆಂಬರ್ ೧ರಂದು ನಮ್ಮ ಜಿಲ್ಲೆಯು ಅಂದಿನ ಮೈಸೂರು ರಾಜ್ಯವನ್ನು ಸೇರಿ, ಕನ್ನಡವು ಶಾಲೆಯ ಭಾಷೆಯಾಗಿ ನೆಲೆಗೊಂಡಿತು. ಆದರೆ ಆ ದೂರವು ಪೂರ್ಣವಾಗಿ ಅಳಿಯಿತೇ? ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಗಡಿಯ ಹಳ್ಳಿಗಳಲ್ಲಿ ತೆಲುಗು. ಪಟ್ಟಣದ ಎಷ್ಟೋ ಮನೆಗಳಲ್ಲಿ ಉರ್ದು. ಕನ್ನಡವೇ ಮನೆಮಾತಾದ ಮಗುವೂ ‘ಕುಂದರ್ರೀ’, ‘ಉಣ್ಣಾಕ ಹೋಗ್ತೀನ್ರೀ’ ಎಂದರೆ, ‘ಪುಸ್ತಕದಲ್ಲಿರುವಂತೆ ಹೇಳು’ ಎಂದು ನಾವು ತಿದ್ದುತ್ತೇವೆ, ಉಳಿದವರು ನಗುತ್ತಾರೆ. ಗ್ರಾಂಥಿಕ ಭಾಷೆಯನ್ನು ಕಲಿಸಬಾರದೆಂದು ನಾನು ಹೇಳುವುದಿಲ್ಲ. ಅದರಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ. ಆದರೆ ಅವ್ವನ ಮಾತನ್ನು ನಗೆಗೀಡುಮಾಡಿ ಕಲಿಸಿದ ಭಾಷೆಯು ಬಾಯಿಗೆ ಬಂದರೂ ಎದೆಗೆ ಇಳಿಯದು.

ಎರಡನೆಯದಾಗಿ, ಶಾಲೆಯ ಕಾಲಗಣನೆ. ನಮ್ಮ ಭಾಗದಲ್ಲಿ ಹತ್ತಿ ಬಿಡಿಸುವ ದಿನಗಳು ಬಂದರೆ ಹೊಲಕ್ಕೆ ಎಲ್ಲರ ಕೈಯೂ ಬೇಕು. ಆ ಸುಗ್ಗಿ ಮುಗಿದೊಡನೆ ಮಳೆಯಾಶ್ರಯದ ಹಳ್ಳಿಗಳ ಜನರು ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ. ಮಗುವಿನ ವರ್ಷವು ಮಳೆ, ಹತ್ತಿ, ಗುಳೆಗಳ ಮೇಲೆ ಸಾಗುತ್ತದೆ. ಶಾಲೆಯ ವರ್ಷವು ಜೂನಿನಿಂದ ಏಪ್ರಿಲಿಗೆ ಸಾಗುತ್ತದೆ. ನಾಲ್ಕು ತಿಂಗಳು ಕಳೆದು ಹಿಂತಿರುಗಿದ ಮಗುವಿಗೆ ತರಗತಿಯ ಮಾತು ಪರದೇಶದ ಮಾತಿನಂತೆ ಕೇಳುತ್ತದೆ.

ಇಲ್ಲಿ ನನ್ನದೊಂದು ಅಪರಾಧವನ್ನು ಸದ್ಭಕ್ತರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ ದೇವದುರ್ಗದ ಕಡೆಯ ಹಳ್ಳಿಯ ಹುಡುಗನೊಬ್ಬನು ನನ್ನ ತರಗತಿಯಲ್ಲಿದ್ದನು. ಗುಣಾಕಾರವನ್ನು ಹಲಗೆಯ ಮೇಲೆ ಬರೆದು ಬಿಡಿಸೆಂದರೆ ಸುಣ್ಣದ ಕಡ್ಡಿಯನ್ನು ಹಿಡಿದು ಸುಮ್ಮನೆ ನಿಲ್ಲುತ್ತಿದ್ದನು. ಗದರಿದರೂ ಅಷ್ಟೇ, ರಮಿಸಿದರೂ ಅಷ್ಟೇ. ಅವನ ಹೆಸರಿನ ಮುಂದೆ ‘ಓದಿನಲ್ಲಿ ಆಸಕ್ತಿ ಇಲ್ಲ’ ಎಂದು ನಾನೇ ಷರಾ ಬರೆದೆನು. ಒಂದು ಸಂಜೆ ಅವನ ತಾಯಿ ಅವನನ್ನು ಕರೆದೊಯ್ಯಲು ಬಂದಳು. ಅವಳ ಕೈಯಲ್ಲಿ ಹತ್ತಿ ಬಿಡಿಸಿದ ಕೂಲಿಯ ಹಣವಿತ್ತು. ಪಡಸಾಲೆಯಲ್ಲಿ ನಿಂತು ಹುಡುಗನು ಲೆಕ್ಕ ಒಪ್ಪಿಸತೊಡಗಿದನು: “ಮೂವತ್ತೇಳು ಕಿಲೋ, ಹನ್ನೆರಡರಂಗ. ಮೂವತ್ತೇಳ್ ಹತ್ಲೆ ಮುನ್ನೂರ ಎಪ್ಪತ್ತು, ಎರಡ್ಲೆ ಎಪ್ಪತ್ನಾಕು. ನಾಕನೂರ ನಲವತ್ನಾಕ ಆತು. ಮುಂಗಡ ಇನ್ನೂರ ಮುರದ್ರ ಇನ್ನೂರ ನಲವತ್ನಾಕ ಕೊಡಬೇಕು. ನಾಕ ರೂಪಾಯಿ ಕಡಿಮಿ ಕೊಟ್ಟಾರಬೇ, ಯವ್ವಾ.”

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆನು. ಆ ವಾರವೇ ನಾನು ಹಲಗೆಯ ಮೇಲೆ ಹಾಕಿದ್ದ ಲೆಕ್ಕವು ಅದಕ್ಕಿಂತ ಸುಲಭವಾಗಿತ್ತು. ಹುಡುಗನನ್ನು ಕರೆದು ಏನನ್ನೋ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಅಂದು ರಾತ್ರಿ ಊರಿನವರ ಸಂಗಡ ಅವರು ಬೆಂಗಳೂರಿಗೆ ಗುಳೆ ಹೋದರೆಂದು ಮರುದಿನ ತಿಳಿಯಿತು. ಯುಗಾದಿ ಕಳೆಯಿತು, ಜೂನ್ ಬಂತು. ಹುಡುಗನು ಮರಳಿ ಬರಲಿಲ್ಲ. ನಾನು ಬರೆದ ಷರಾ ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿಯಿತು.

ಇದು ಒಬ್ಬ ಹುಡುಗನ ಕಥೆಯೆಂದು ನಾನು ಬಹುಕಾಲ ತಿಳಿದಿದ್ದೆನು. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ ಮೊದಲಾದವನ್ನು ಮಾರುವ ೯ ರಿಂದ ೧೫ ವರ್ಷದ ಐವರು ಮಕ್ಕಳನ್ನು ಕುರಿತು ತೆರೆಜಿನಾ ಕರಾಹರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು ೧೯೮೫ರಲ್ಲಿ ಪ್ರಕಟವಾಗಿದೆ. ಗಿರಾಕಿಗಳಂತೆ ಹೋಗಿ ಬೆಲೆ ಕೇಳಿದಾಗ ಆ ಮಕ್ಕಳು ನೂರಕ್ಕೆ ೯೮ರಷ್ಟು ಲೆಕ್ಕಗಳನ್ನು ಸರಿಯಾಗಿ ಹೇಳಿದರು. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಬರೆದುಕೊಟ್ಟಾಗ ಸರಿಯಾದುವು ನೂರಕ್ಕೆ ೩೭ ಮಾತ್ರ. ಬುದ್ಧಿ ಅದೇ, ಮಗು ಅದೇ. ಕೇಳಿದ ರೀತಿ ಬೇರೆ. ಬೀದಿಯಲ್ಲಿ ಕೇಳಿದವನಿಗೆ ಉತ್ತರದ ಅಗತ್ಯವಿತ್ತು. ಶಾಲೆಯಲ್ಲಿ ಕೇಳುವವನಿಗೆ ಉತ್ತರವು ಮೊದಲೇ ಗೊತ್ತಿರುತ್ತದೆ. ತಪ್ಪನ್ನು ಹಿಡಿಯಲು ಕೇಳುತ್ತಾನೆ. ಮಗುವು ಈ ಭೇದವನ್ನು ನಮಗಿಂತ ಬೇಗ ಅರಿಯುತ್ತದೆ.

ಈ ಸಂದರ್ಭದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಲ್ಯವು ನೆನಪಾಗದಿರದು. ರಾಘವಾಂಕನು ಸಿದ್ಧರಾಮಚಾರಿತ್ರದಲ್ಲಿ ಹೇಳುವಂತೆ ಆ ಬಾಲಕನು ಮಾತಿಲ್ಲದೆ ಮಂದನಂತೆ ತೋರುತ್ತಿದ್ದನು. ಇಂದಿನ ಶಾಲೆಯಲ್ಲಿದ್ದರೆ ಅವನ ಹೆಸರಿನ ಮುಂದೆಯೂ ನಾವು ಅದೇ ಷರಾವನ್ನು ಬರೆಯುತ್ತಿದ್ದೆವು. ಅವನನ್ನು ದನಕರುಗಳ ಹಿಂದೆ ಹೊಲಕ್ಕೆ ಕಳುಹಿಸಿದರು. ಅಲ್ಲಿಗೆ ಶ್ರೀಶೈಲದ ಮಲ್ಲಯ್ಯನು ಜಂಗಮರೂಪದಿಂದ ಬಂದನು. ಬಂದವನು ಉಪದೇಶ ಮಾಡಲಿಲ್ಲ, ಪಾಠ ಹೇಳಲಿಲ್ಲ, ಕೈಚಾಚಿ ಬೇಡಿದನು. ಮೊದಲು ನವಣೆಯ ತೆನೆಯನ್ನು ಬೇಡಿದನು, ಬಳಿಕ ಮಜ್ಜಿಗೆಯನ್ನು ಬೇಡಿದನು. ಯಾರೂ ಏನನ್ನೂ ಕೇಳದಿದ್ದ ಬಾಲಕನಲ್ಲಿ ಒಬ್ಬನು ಬಂದು ಕೇಳಿದನು. ಆ ಕ್ಷಣದಲ್ಲಿಯೇ ಅವನು ಮನೆಯ ಕಡೆಗೆ ಓಡಿದನು. ತಂದುಕೊಡುವಷ್ಟರಲ್ಲಿ ಬೇಡಿದವನು ಕಾಣದಾಗಲು, ಅವನನ್ನು ಹುಡುಕುತ್ತಾ ಶ್ರೀಶೈಲದ ದಾರಿ ಹಿಡಿದನು. ಯುಗಾದಿಯ ಮುಂಚೆ ನಮ್ಮ ರಾಯಚೂರಿನ ಮೇಲೆ ಹಾದು ಕಾಲ್ನಡಿಗೆಯಿಂದ ಶ್ರೀಶೈಲಕ್ಕೆ ಹೋಗುವ ಭಕ್ತರನ್ನು ಕಂಡಾಗಲೆಲ್ಲ ನನಗೆ ಆ ಬಾಲಕನ ನೆನಪು ಬರುತ್ತದೆ. ಮುಂದೆ ಕೆರೆಕಟ್ಟೆಗಳನ್ನು ಕಟ್ಟಿಸಿದ ಮಹಾಕರ್ಮಯೋಗಿಯ ಉತ್ಸಾಹವೆಲ್ಲವೂ ಆ ಮಂದತೆಯ ಒಳಗೆ ಸ್ಥಾಯಿಯಾಗಿ ಕುಳಿತಿತ್ತು. ಬೇಡುವ ಗುರುವೊಬ್ಬನು ಬೇಕಾಗಿದ್ದನು.

ಮಗುವನ್ನು ಓಲೈಸಿ ಅದರ ಇಚ್ಛೆಯಂತೆ ಬಿಡಬೇಕೆಂದು ಇದರ ಅರ್ಥವೇ? ಅಲ್ಲ. ಉತ್ಸಾಹವೆಂಬ ಶಬ್ದದಲ್ಲಿರುವ ಧಾತು ‘ಸಹ್’. ತಾಳುವುದು, ಸಮರ್ಥವಾಗುವುದು ಎಂದು ಅದರ ಅರ್ಥ. ಕಷ್ಟವನ್ನು ತಾಳಲಾರದವನಲ್ಲಿ ಉತ್ಸಾಹವಿದೆಯೆನ್ನುವುದು ಹೇಗೆ? ಆ ಬಾಲಕನೂ ಸುಡುವ ಹೊಲದಿಂದ ಓಡಿದನು, ಕಾಡಿನ ದಾರಿಯನ್ನು ತುಳಿದನು. ನಿಜವಾಗಿ ಕೇಳುವುದೆಂದರೆ ಭಾರವನ್ನು ಹೊರಿಸುವುದು. ಆದರೆ ಈ ಭಾರವನ್ನು ನೀನು ಹೊರಬಲ್ಲೆಯೆಂದು ನಂಬಿ ಹೊರಿಸುವುದು.

ಇಲ್ಲಿಯವರೆಗೆ ಹೇಳಿದುದು ಬಡವರ ಮಕ್ಕಳ ಮಾತಾಯಿತು. ಯಾತರ ಕೊರತೆಯೂ ಇಲ್ಲದ ನಗರದ ಮಗುವಿಗೂ ಓದು ಬೇಡವಾಗಿದೆಯಲ್ಲ, ಅದಕ್ಕೇನೆನ್ನಬೇಕು? ರಾಯಚೂರಿನ ಅನೇಕ ಮನೆಗಳಲ್ಲಿ ಮಗುವು ನಸುಕಿನಲ್ಲೆದ್ದು ಟ್ಯೂಶನ್ನಿಗೆ ಹೋಗುತ್ತದೆ; ಶಾಲೆ ಬಿಟ್ಟ ಮೇಲೆ ಮತ್ತೊಂದು ಟ್ಯೂಶನ್ನು. ಅದರಲ್ಲಿ ಎಲ್ಲರೂ ಕೇಳುತ್ತಾರೆ. ಆದರೆ ಕೇಳುವುದು ಅಂಕಗಳನ್ನು ಮಾತ್ರ. ತೊಂಬತ್ತು ಬಂದರೆ ಸೈಕಲ್ಲು, ತೊಂಬತ್ತೈದು ಬಂದರೆ ಮೊಬೈಲು. ಓದು ಕಾಯಕವಾಗದೆ ಕೂಲಿಯಾಯಿತು. ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ವಿದ್ವಾಂಸರು ೧೯೭೩ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಸಂತೋಷಪಡುತ್ತಿದ್ದ ಚಿಕ್ಕ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಕೊಡುವೆವೆಂದು ಮೊದಲೇ ಹೇಳಿ ಬರೆಯಿಸಿದರು. ಕೆಲವು ದಿನಗಳ ಮೇಲೆ ನೋಡಿದರೆ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆಯುತ್ತಿದ್ದರು. ಆಸೆ ತೋರಿಸಿದೊಡನೆ ಆನಂದವು ಜಾರಿಹೋಯಿತು.

ಈ ತತ್ತ್ವವನ್ನು ನಮ್ಮವರು ಎಂಟುನೂರು ವರ್ಷಗಳ ಹಿಂದೆಯೇ ಅರಿತಿದ್ದರು. ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳು ನಮ್ಮ ಜಿಲ್ಲೆಯ ಲಿಂಗಸೂಗೂರು ತಾಲೂಕಿನ ಅಮರೇಶ್ವರದವರೆಂದು ಪ್ರಸಿದ್ಧಿ. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನನ್ನು ಲಕ್ಕಮ್ಮನು ಹೊಗಳಲಿಲ್ಲ. ಹೆಚ್ಚಿನದನ್ನು ಹಿಂದಿರುಗಿಸಿ ಬಾರೆಂದಳು. ಹೆಚ್ಚು ತಂದುದೇ ಹಿರಿಮೆಯೆಂದು ನಾವು ಮಕ್ಕಳಿಗೆ ಕಲಿಸುತ್ತಿದ್ದೇವೆ. ಆ ತಾಯಿಯು ಹೆಚ್ಚಿನದರಲ್ಲಿ ಆಸೆಯ ಮೈಲಿಗೆಯನ್ನು ಕಂಡಳು. ಅಂಕವೇ ಗುರಿಯಾದ ಮೇಲೆ ಅದನ್ನು ಯಾವ ದಾರಿಯಿಂದ ತಂದರೂ ಸರಿಯೆಂದಾಗುತ್ತದೆ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ೨೦೨೩ರಲ್ಲಿ ನೂರಕ್ಕೆ ೮೩.೮೯ರಷ್ಟು ಮಕ್ಕಳು ಉತ್ತೀರ್ಣರಾಗಿದ್ದರು. ೨೦೨೪ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ಕಾವಲಿಟ್ಟಾಗ, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆಯೂ ಅದು ೭೩.೪೦ಕ್ಕೆ ಇಳಿಯಿತು. ಈ ಇಳಿತವು ಮಕ್ಕಳ ಸೋಲೆಂದು ಹೇಳಿ ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪದು. ನಕಲು ಚೀಟಿಯನ್ನು ಗೋಡೆಯಾಚೆಯಿಂದ ಎಸೆಯುವ ಕೈಗಳು ದೊಡ್ಡವರವೇ ಆಗಿರುತ್ತವೆ.

ನಮ್ಮ ಭಾಗವು ಹಿಂದುಳಿದಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ೨೦೦೨ರ ನಂಜುಂಡಪ್ಪ ಸಮಿತಿಯು ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಎಣಿಸಿತು. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ ೭೫.೩೬ ಇದ್ದಾಗ ನಮ್ಮ ಜಿಲ್ಲೆಯದು ೫೯.೫೬. ಸಂವಿಧಾನದ ೩೭೧(ಜೆ) ವಿಧಿಯನ್ನು ೨೦೧೨ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಮೇಲೆ ಈ ಭಾಗಕ್ಕೆ ಹಣವೂ ಮೀಸಲಾತಿಯೂ ಬಂದಿವೆ. ಕಟ್ಟಡ ಬೇಕು, ಖಾಲಿಯಿರುವ ಉಪಾಧ್ಯಾಯರ ಸ್ಥಾನಗಳು ತುಂಬಬೇಕು. ಅದನ್ನು ಸರಕಾರದಲ್ಲಿ ಕೇಳುವುದು ನಮ್ಮ ಹಕ್ಕು. ಆದರೆ ಒಂದು ಮಗುವಿನ ಕಣ್ಣನ್ನು ನೋಡಿ ಪ್ರಶ್ನೆ ಕೇಳುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೇ. ಸಂಜೆ ಮನೆಗೆ ಬಂದ ಮಗುವನ್ನು ‘ಎಷ್ಟು ಅಂಕ ಬಂತು?’ ಎಂದು ಕೇಳುವ ಬದಲು ‘ನನಗೆ ಗೊತ್ತಿಲ್ಲದ್ದು ಏನು ಕಲಿತಿ? ನನಗೂ ಹೇಳು’ ಎಂದು ಕೇಳಿರಿ. ಕೇಳಿದ ಮೇಲೆ ಕುಳಿತು ಆಲಿಸಿರಿ. ಅಣ್ಣನನ್ನು ತೋರಿಸಿ ತಮ್ಮನನ್ನು ಹಳಿಯಬೇಡಿರಿ. ರಾಯಚೂರಿನ ಕೋಟೆಯ ಗೋಡೆಯಲ್ಲಿ ೧೨೯೪ರ ಶಾಸನವುಳ್ಳ ಸು. ೪೧ ಅಡಿ ಉದ್ದದ ಕಲ್ಲೊಂದಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ಮಗುವನ್ನು ಅದರ ಮುಂದೆ ನಿಲ್ಲಿಸಿ ‘ಇದನ್ನು ಹೇಗೆ ಮೇಲಕ್ಕೆ ಎತ್ತಿರಬಹುದು?’ ಎಂದು ಕೇಳಿ ನೋಡಿರಿ. ಉತ್ತರ ನಿಮಗೂ ಗೊತ್ತಿಲ್ಲದ ಪ್ರಶ್ನೆಯಾದುದರಿಂದಲೇ ಅದು ಒಳ್ಳೆಯ ಪ್ರಶ್ನೆ.

ನನ್ನ ಸಹೋದ್ಯೋಗಿಗಳಲ್ಲಿಯೂ ಒಂದು ಮಾತು. ಗುಳೆಯಿಂದ ಮರಳಿದ ಮಗುವನ್ನು ‘ಇಷ್ಟು ದಿನ ಎಲ್ಲಿಗೆ ಹೋಗಿದ್ದಿ?’ ಎಂದು ಗದರಿ ಕೇಳುತ್ತೇವೆ. ಅದೇ ಪ್ರಶ್ನೆಯನ್ನು ತಿಳಿಯುವ ಇಚ್ಛೆಯಿಂದ ಕೇಳಿದರೆ ಆ ಮಗುವು ಬೆಂಗಳೂರಿನ ಹತ್ತು ಅಂತಸ್ತಿನ ಕಟ್ಟಡ ಮೇಲೇಳುವ ಬಗೆಯನ್ನು ತರಗತಿಗೆಲ್ಲ ಹೇಳಬಲ್ಲದು. ಅದು ಹೇಳಿ ಮುಗಿಸಿದ ಮೇಲೆ ನಾವು ಹೇಳಬೇಕಾದ ಪಾಠಕ್ಕೆ ಅದು ಕಿವಿಗೊಡದೆ ಇರಲಾರದು.

ಆ ಹುಡುಗನು ಹೋದ ವರ್ಷದಿಂದ ಈಚೆಗೆ ‘ಆಸಕ್ತಿ ಇಲ್ಲ’ ಎಂಬ ಷರಾವನ್ನು ನಾನು ಯಾವ ಮಗುವಿನ ಹೆಸರಿನ ಮುಂದೆಯೂ ಬರೆದಿಲ್ಲ. ಬರೆಯಬೇಕೆನಿಸಿದಾಗ ಲೇಖನಿಯನ್ನು ಕೆಳಗಿಟ್ಟು, ಇವನಲ್ಲಿ ನಾನು ಈವರೆಗೆ ಏನನ್ನು ಕೇಳಿದ್ದೇನೆಂದು ಯೋಚಿಸುತ್ತೇನೆ. ಹೆಚ್ಚಿನ ಸಲ, ಏನನ್ನೂ ಕೇಳಿಲ್ಲವೆಂದೇ ತಿಳಿದುಬರುತ್ತದೆ. ನಾಲ್ಕು ರೂಪಾಯಿ ಕಡಿಮೆ ಬಂದುದನ್ನು ತಾಯಿಗೆ ತಿಳಿಸಿದ ಆ ಮಗುವಿಗೆ ನಾನು ತೀರಿಸಬೇಕಾದ ಬಾಕಿಯು ಅದಕ್ಕಿಂತ ಬಹಳ ಹೆಚ್ಚಿನದು. ಅವನಿಗೆ ಸಲ್ಲಿಸಲಾರದುದನ್ನು ಇಂದು ನನ್ನ ಮುಂದೆ ಕುಳಿತಿರುವ ಮಕ್ಕಳಿಗಾದರೂ ಸಲ್ಲಿಸುವ ಬುದ್ಧಿಯನ್ನು ಶಿವನು ಕರುಣಿಸಲಿ.